ಎದುರು ಗ್ಯಾರೇಜಿನ ಗೇರು

"ಬುದ್ಧಿ, ಗುರುಲಿಂಗನಿಗೆ ಕೊಟ್ಟ ಮೌನವ್ರತವನ್ನು ನನಗೂ ಯಾಕೆ ಕೊಡಬಾರದು?" ಎಂದು ಚೆನ್ನವೀರ ತನ್ನ ಗುರುಗಳನ್ನು ಕೇಳಿದ. ಅವನೂ ಗುರುಲಿಂಗನೂ ಒಂದೇ ವರ್ಷ ಮಠಕ್ಕೆ ಬಂದವರು. ಚೆನ್ನವೀರ ಮಠದಲ್ಲಿ ವಚನ ಹಾಡುತ್ತಿದ್ದ. ವ್ರತ ಹಿಡಿದ ಮೇಲೆ ಗುರುಲಿಂಗನ ಮುಖದಲ್ಲಿ ಒಂದು ಕಳೆ ಬಂದಿತ್ತು. ಬಂದ ಭಕ್ತರು ಅವನಿಗೇ ಮೊದಲು ಕೈಮುಗಿಯುತ್ತಿದ್ದರು. ಅದನ್ನು ಕಂಡು ಚೆನ್ನವೀರನಿಗೆ ಊಟ ರುಚಿಸದಾಗಿತ್ತು.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಅವನ ಊರಿನ ಹೊರಗೆ ವಿಮಾನ ಇಳಿಯದ ಹಳೆಯ ರನ್‌ವೇ ಒಂದಿತ್ತು. ಸಂಕ್ರಾಂತಿಯ ಮರುದಿನ ಸುತ್ತಲಿನ ಗ್ಯಾರೇಜಿನವರೆಲ್ಲ ತಾವೇ ಕಟ್ಟಿದ ಕಾರುಗಳನ್ನು ಅಲ್ಲಿಗೆ ತಂದು, ಒಬ್ಬೊಬ್ಬರಾಗಿ ಓಡಿಸಿ ವೇಗ ಅಳೆಸುತ್ತಿದ್ದರು. ನಾಲ್ಕು ವರ್ಷ ಈ ಮೆಕ್ಯಾನಿಕ್ಕಿನ ಕಾರೇ ಮೊದಲು. ಗಂಟೆಗೆ ನೂರ ಎಪ್ಪತ್ತೆರಡು ಕಿಲೋಮೀಟರು. ಆ ಊರಿನಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಅಂಕಿಯದೇ. ಐದನೆಯ ವರ್ಷ ಅವನ ಎದುರು ಗ್ಯಾರೇಜಿನವನು ಬಂದು ನೂರ ಎಂಬತ್ತೊಂದು ಓಡಿಸಿಬಿಟ್ಟ. ಅವನು ನಿನ್ನೆ ಮೊನ್ನೆ ಅಂಗಡಿ ಇಟ್ಟವನು, ಅವನ ಕಾರಿನಲ್ಲಿದ್ದದ್ದು ಒಂದು ಹಳೆಯ ವ್ಯಾನಿನ ಎಂಜಿನ್.

ಅಂದಿನಿಂದ ಮೆಕ್ಯಾನಿಕ್ಕಿನ ಕಣ್ಣು ತನ್ನ ಕೆಲಸದ ಮೇಲೆ ನಿಲ್ಲಲಿಲ್ಲ. ಕೈಯಲ್ಲಿ ಸ್ಪ್ಯಾನರ್, ನೋಟ ರಸ್ತೆಯ ಆಚೆ. ಎದುರಿನವನು ನಕ್ಕರೆ ತನ್ನನ್ನು ನೋಡಿಯೇ ನಕ್ಕ ಎಂದುಕೊಳ್ಳುತ್ತಿದ್ದ. ನಗದಿದ್ದರೆ ಕೊಬ್ಬು ಎನ್ನುತ್ತಿದ್ದ.

ಆಯುಧಪೂಜೆ ಬಂತು. ಆ ದಿನ ಯಾವ ಗ್ಯಾರೇಜಿಗೂ ಬಾಗಿಲಿಲ್ಲ, ಎಲ್ಲರೂ ಎಲ್ಲರ ಕಡೆಗೂ ಹೋಗಬೇಕು. ಎದುರಿನವನು ಆ ಹೊತ್ತಿಗೆ ಕಾರಿನ ಗೇರುಗಳನ್ನು ತೊಳೆಯಲು ಬಿಚ್ಚಿದ್ದ. ಅವುಗಳನ್ನೂ ಬಾಳೆಲೆಯ ಮೇಲೆ ಜೋಡಿಸಿ ಕುಂಕುಮ ಇಟ್ಟಿದ್ದ. ಮೆಕ್ಯಾನಿಕ್ ಮಂಡಿಯೂರಿ ಬಗ್ಗಿ ಬಹಳ ಹೊತ್ತು ನಮಸ್ಕಾರ ಮಾಡಿದ. ಎಂಥ ಭಕ್ತಿ ಎಂದು ನೋಡಿದವರು ಅಂದುಕೊಂಡರು. ಅವನು ಗೇರುಗಳ ಹಲ್ಲು ಎಣಿಸುತ್ತಿದ್ದ. ದೊಡ್ಡ ಚಕ್ರಕ್ಕೆ ಮೂವತ್ತೇಳು, ಚಿಕ್ಕದಕ್ಕೆ ಹನ್ನೊಂದು. ಎಂಜಿನ್ ನಿಧಾನವಾಗಿ ತಿರುಗಿದರೂ ಕಾರು ಜೋರಾಗಿ ಓಡುವಂಥ ಗೇರು. ಗುಟ್ಟು ಸಿಕ್ಕಿತು ಎಂದುಕೊಂಡು ಕಡ್ಲೆಪುರಿ ಕೂಡ ತಿನ್ನದೆ ಮನೆಗೆ ಬಂದ.

ತನ್ನ ಗೇರುಗಳನ್ನು ಕಿತ್ತು ಅಷ್ಟೇ ಹಲ್ಲಿನವು ಹಾಕಿದ. ಸಂಕ್ರಾಂತಿಯ ಮರುದಿನ ರನ್‌ವೇಯಲ್ಲಿ ನಾಲ್ಕನೆಯ ಗೇರಿನವರೆಗೆ ಕಾರು ಚೆನ್ನಾಗಿಯೇ ಹೋಯಿತು. ಐದನೆಯದಕ್ಕೆ ಹಾಕಿದ ಕೂಡಲೇ ಎಂಜಿನ್‌ಗೆ ಎಳೆಯಲು ಆಗಲಿಲ್ಲ. ಕಾಲು ಒತ್ತಿ ಹಿಡಿದಂತೆಯೇ ವೇಗ ಇಳಿಯುತ್ತ ಬಂತು. ನೂರ ಐವತ್ತಕ್ಕೆ ಬಂದು ನಿಂತಿತು. ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಶಕ್ತಿ ಸಾಲದು ಎಂದು ಅವನು ವರ್ಷವಿಡೀ ಕೂತು ದುಪ್ಪಟ್ಟು ಶಕ್ತಿಯ ಎಂಜಿನ್ ಕೂರಿಸಿದ. ಕಾರಿನ ಎತ್ತರ, ಸ್ಪ್ರಿಂಗು, ಟೈರು ಯಾವುದನ್ನೂ ಮುಟ್ಟಲಿಲ್ಲ. ಎದುರಿನವನ ಕಾರಿನಲ್ಲಿ ಅವು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮುಂದಿನ ಸಂಕ್ರಾಂತಿಗೆ ಕಾರು ನೂರ ಎಂಬತ್ತೊಂದನ್ನು ದಾಟಿತು. ಅವನಿಗೆ ಸಂತೋಷವಾಗಲಿಲ್ಲ, ಎದುರಿನವನ ಮುಖ ಈಗ ಹೇಗಾಗಿರಬಹುದು ಎಂದು ಯೋಚಿಸಿದ. ಅಷ್ಟರಲ್ಲಿ ಮುಂದಿನ ಚಕ್ರಗಳು ಹಗುರಾದವು. ಸ್ಟೇರಿಂಗ್ ತಿರುಗಿಸಿದರೂ ಕಾರು ಕೇಳಲಿಲ್ಲ. ಹೆದರಿ ಥಟ್ಟನೆ ಕಾಲು ತೆಗೆದ. ಕಾರು ಮೂರು ಸುತ್ತು ತಿರುಗಿ ಹುಲ್ಲಿನಲ್ಲಿ ಮಗುಚಿಕೊಂಡಿತು. ಅಳತೆಯ ಗೆರೆ ಇನ್ನೂ ಮುಂದಿತ್ತು. ಆ ವರ್ಷ ಅವನ ಹೆಸರಿನ ಮುಂದೆ ಅಂಕಿಯನ್ನೇ ಬರೆಯಲಿಲ್ಲ.

ಅವನನ್ನು ಹೊರಗೆ ಎಳೆದವನು ಎದುರು ಗ್ಯಾರೇಜಿನವನೇ. ನೀರು ಕುಡಿಸಿ, ಮಗುಚಿದ ಕಾರಿನಿಂದ ಒಡೆದು ಕೆಳಗೆ ಬಿದ್ದಿದ್ದ ಗೇರುಗಳನ್ನು ನೋಡಿ ಗುರುತು ಹಿಡಿದ. "ಅಣ್ಣ, ನನ್ನ ಎಂಜಿನ್ ಮುದಿ. ಜಾಸ್ತಿ ತಿರುಗಿಸಿದ್ರೆ ಒಡೆದೇಹೋಗುತ್ತೆ. ಬೇರೆ ದಾರಿ ಇಲ್ದೆ ಈ ಗೇರ್ ಹಾಕ್ದೆ. ನಿಮ್ಮ ಹಳೆ ಎಂಜಿನ್ ಎಷ್ಟು ಚೆನ್ನಾಗಿ ತಿರುಗ್ತಿತ್ತು. ಅದಕ್ಕೆ ಅದರ ಗೇರೇ ಸರಿಯಾಗಿತ್ತಲ್ಲ, ಯಾಕೆ ಕಿತ್ರಿ?" ಎಂದ.

ಮೆಕ್ಯಾನಿಕ್ಕಿಗೆ ಬಿದ್ದ ಏಟಿಗಿಂತ ಈ ಮಾತೇ ಹೆಚ್ಚು ನೋಯಿತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ, "ಅರ್ಥವಾಯಿತು ಬುದ್ಧಿ. ಆದರೆ ಗುರುಲಿಂಗ ನನಗಿಂತ ಮುಂದಿದ್ದಾನೆ ಎಂದು ತಾನೇ ತಾವು ಅವನಿಗೆ ಆ ವ್ರತ ಕೊಟ್ಟದ್ದು?" ಎಂದ.

ಗುರುಗಳು ಹೇಳಿದರು: "ನಿನ್ನ ವಚನಗಾಯನ ಕೇಳಿ ಹೊಟ್ಟೆಕಿಚ್ಚಿಗೆ ಸಿಕ್ಕಸಿಕ್ಕವರ ಮುಂದೆಲ್ಲ ನಿನ್ನನ್ನು ಆಡಿಕೊಳ್ಳುತ್ತಿದ್ದ, ಅದಕ್ಕೇ ಅವನಿಗೆ ಮೌನ ಕೊಟ್ಟೆ."