ಮದುವೆ ನಡೆಸಿಕೊಟ್ಟವನು

"ಗುರುಗಳೇ, ನಾಳೆ ಮೊದಲ ಸಲ ನಾನು ಮದುವೆ ಮಾಡಿಸಬೇಕು. ಬೀಗರ ಕಡೆಯವರೊಬ್ಬರು, 'ನೀವೇ ತಾನೇ ಆಫಿಶಿಯೇಟ್ ಮಾಡುವವರು?' ಎಂದು ಕೇಳಿದರು. ನಿಘಂಟು ತೆಗೆದು ನೋಡಿದೆ. ವಿಧಿಪೂರ್ವಕವಾಗಿ ನಡೆಸಿಕೊಡುವುದು ಎಂದು ಅರ್ಥವಂತೆ. ಹಾಗೆ ನಡೆಸಿಕೊಡುವವನ ಕೆಲಸ ನಿಜಕ್ಕೂ ಏನು?" ಎಂದು ಮುಕುಂದ ಕೇಳಿದ.

ಗುರುಗಳು ನಕ್ಕರು. "ಮಂತ್ರ ಬಾಯಿಪಾಠವಾಯಿತು, ನಿಘಂಟೂ ಆಯಿತು. ಇನ್ನೊಂದು ಕತೆ ಬಾಕಿ ಇದೆ, ಕೇಳು" ಎಂದು ಶುರುಮಾಡಿದರು.

ಒಬ್ಬ ಪುರೋಹಿತನಿದ್ದ. ಅವನು ಮಾಡಿಸಿದ ಮದುವೆಯಲ್ಲಿ ಸ್ವರ ತಪ್ಪಿದ್ದಿಲ್ಲ, ಮುಹೂರ್ತ ಮೀರಿದ್ದಿಲ್ಲ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಒಂದು ಮದುವೆಯಲ್ಲಿ ಅಂತರಪಟ ಸರಿಯಿತು. ವರ ಮಾಂಗಲ್ಯವನ್ನು ಕೈಗೆತ್ತಿಕೊಂಡ. ಆಗ ತಲೆ ತಗ್ಗಿಸಿ ಕೂತಿದ್ದ ಹುಡುಗಿ ಮೆಲ್ಲಗೆ, "ಸ್ವಾಮಿ, ನಿಲ್ಲಿಸಿ. ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಯಾರೂ ಕೇಳಲಿಲ್ಲ" ಎಂದಳು.

ಪುರೋಹಿತನ ಕೈಯಲ್ಲಿದ್ದ ಅಕ್ಷತೆ ಮಡಿಲಿಗೆ ಉದುರಿತು. ಎದುರಿಗೆ ಹುಡುಗಿಯ ತಂದೆ ಕೈಮುಗಿದು ನಿಂತಿದ್ದ. ಛತ್ರದ ತುಂಬ ಜನ. ಮುಹೂರ್ತ ಮೀರುತ್ತಿತ್ತು. ಅವನು ಹುಡುಗಿಯ ಮುಖ ನೋಡಲಿಲ್ಲ. ಬೆರಳೆತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿಬಿಟ್ಟ.

ಡೋಲು, ನಾಗಸ್ವರ ಒಟ್ಟಿಗೆ ಮೊರೆದವು. ಹುಡುಗಿ ಅದೇ ಮಾತನ್ನು ಮತ್ತೆ ಹೇಳಿದಳು, ಈ ಸಲ ಕೂಗಿಯೇ ಹೇಳಿದಳು. ಬಾಯಿ ತೆರೆದದ್ದಷ್ಟೇ ಕಂಡಿತು. ಅದರ ಮೇಲೆಯೇ ಅಕ್ಷತೆ ಬಿತ್ತು. ಜನ ಹರಸಿ ಊಟಕ್ಕೆ ಎದ್ದರು.

ಬೀಳ್ಕೊಡುವ ಹೊತ್ತಿಗೆ ಹುಡುಗಿ ಎಲ್ಲರ ಕಾಲಿಗೂ ಬಿದ್ದು, ಕೊನೆಗೆ ಪುರೋಹಿತನ ಕಾಲಿಗೂ ಬಿದ್ದಳು. ಏಳುವಾಗ ಕೇಳಿದಳು:

"ನಿಮಗೆ ಕೇಳಿಸಿತ್ತು, ಅಲ್ಲವೇ?"

"ದೀರ್ಘಸುಮಂಗಲೀ ಭವ" ಎಂದ ಪುರೋಹಿತ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಮುಕುಂದನಿಗೆ ಎಷ್ಟು ಭಯಂಕರ ಎಂದು ಅನ್ನಿಸಿತು. ಆದರೂ ಕಲಿತ ವಿದ್ಯೆ ಸುಮ್ಮನಿರಲು ಬಿಡಲಿಲ್ಲ.

"ಆದರೆ ಗುರುಗಳೇ, ಆ ಗಳಿಗೆಯಲ್ಲಿ ಅಶುಭದ ಮಾತು ಯಾರ ಕಿವಿಗೂ ಬೀಳಬಾರದೆಂದೇ ಅಲ್ಲವೇ ಗಟ್ಟಿಮೇಳ ಬಾರಿಸುವುದು? ವಿಧಿಯಲ್ಲಿ ಅವನು ತಪ್ಪಿದ್ದೆಲ್ಲಿ?"

"ಯಾರಿಗೂ ಕೇಳಿಸದಿರಲಿ ಎಂದು ವಾದ್ಯದವರನ್ನು ಕೂರಿಸುತ್ತಾರೆ, ಮಗು, ಒಬ್ಬನಿಗಾದರೂ ಕೇಳಿಸಲಿ ಎಂದು ಪುರೋಹಿತನನ್ನು ಹುಡುಗಿಯ ಪಕ್ಕದಲ್ಲೇ ಕೂರಿಸುತ್ತಾರೆ."