ಕೊನೆಯ ಚೌಕ

"ಗುರುಗಳೇ, ಎಲ್ಲರೂ ಹೆಚ್ಚಿಸಿ ಹೇಳುವ ಕಡೆ ನಾನೊಬ್ಬ ಇದ್ದಷ್ಟೇ ಹೇಳಿದರೆ, ನನ್ನನ್ನು ನಂಬಿ ಬಂದವನಿಗೆ ಅನ್ಯಾಯವಾಗುವುದಿಲ್ಲವೆ?" ಎಂದು ಶಿಷ್ಯ ಕೇಳಿದ.

ಅವನು ಒಂದು ಕಾಲೇಜಿಗೆ ಹೊಸದಾಗಿ ಪಾಠ ಹೇಳಲು ಸೇರಿದ್ದ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕುತ್ತಿದ್ದ ಹುಡುಗನ ಶಿಫಾರಸು ಪತ್ರ ಅವನ ಚೀಲದಲ್ಲಿತ್ತು. ಬರೆದವನು ಹುಡುಗನೇ. ಶಿಷ್ಯ ರುಜು ಹಾಕುವುದಷ್ಟೇ ಬಾಕಿ.

"ಹುಡುಗ ಹೇಗೆ?"

"ಒಳ್ಳೆಯವನು. ಪತ್ರದಲ್ಲಿರುವಷ್ಟು ಅಲ್ಲ."

ಗುರುಗಳು ಹೇಳಿದರು: ತಾನು ಕಂಡದ್ದನ್ನು ಹೇಳಬೇಕು, ಕಂಡಷ್ಟೇ ಹೇಳಬೇಕು. ಸಾಕ್ಷಿ ನುಡಿಯುವವನಿಗೆ ಇರುವುದು ಇದೊಂದೇ ನಿಯಮ. ಒಂದು ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದನ್ನು ಮುರಿದರು. ಕೇಳು.

ಆ ಊರಿನ ಶಾಲೆಯಲ್ಲಿ ಒಬ್ಬ ಭೌತಶಾಸ್ತ್ರದ ಮೇಷ್ಟ್ರಿದ್ದರು. ಪಾಠದಲ್ಲಿ ಬಿಗಿ, ಮನಸ್ಸು ಮೆತ್ತಗೆ. ಅವರ ವಿದ್ಯಾರ್ಥಿಗಳು ಅರ್ಜಿ ಹಾಕಿದಾಗಲೆಲ್ಲ ಅಮೆರಿಕದಿಂದ ಅವರಿಗೆ ಒಂದು ನಮೂನೆ ಬರುತ್ತಿತ್ತು. ಅದರಲ್ಲಿ ಸಾಲಾಗಿ ಚೌಕಗಳು. ಸಾಧಾರಣ, ಪರವಾಗಿಲ್ಲ, ಉತ್ತಮ, ಅತ್ಯುತ್ತಮ. ಎಲ್ಲಕ್ಕಿಂತ ಕೊನೆಯ ಚೌಕದ ಎದುರು 'ನನ್ನ ವೃತ್ತಿಜೀವನದಲ್ಲಿ ಕಂಡ ಎಲ್ಲರಿಗಿಂತ ಮೇಲು' ಎಂದಿರುತ್ತಿತ್ತು. ಒಬ್ಬ ಮೇಷ್ಟ್ರ ಆಯುಷ್ಯದಲ್ಲಿ ಆ ಚೌಕಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಅದನ್ನು ಬೇರೆ ವಿವರಿಸಬೇಕಾಗಿರಲಿಲ್ಲ.

ಮೊದಲು ಬಂದವನು ಒಬ್ಬ ವರ್ತಕ.

"ಮೇಷ್ಟ್ರೇ, ಅಲ್ಲಿ ನೂರು ಜನ ಅರ್ಜಿ ಹಾಕಿದರೆ ಒಳಗೆ ಹೋಗೋದು ನಾಲ್ಕೋ ಐದೋ. ಹೊರದೇಶದವರಿಗೆ ಅದರಲ್ಲೂ ಅರ್ಧ ಅಂತಾರೆ. ನೀವು ಒಂದು ಚೌಕ ಕೆಳಗಿಳಿಸಿದರೆ ನನ್ನ ಮಗನ ಕಾಗದ ಯಾರೂ ಬಿಚ್ಚಿ ನೋಡಲ್ಲ."

"ನಿಮ್ಮ ಮಗ ಜಾಣನೇ. ಆದರೆ ಇದು..."

"ಒಂದು ಟಿಕ್ಕು, ಮೇಷ್ಟ್ರೇ. ಅದರಿಂದ ನಿಮ್ಮ ಗಂಟೇನು ಹೋಗುತ್ತೆ?"

ಮೇಷ್ಟ್ರು ಯೋಚಿಸಿದರು. ತಮ್ಮದೇನೂ ಹೋಗುವುದಿಲ್ಲ. ಹುಡುಗನ ಬಾಳು ಹಸನಾಗುತ್ತದೆ. ಕೈ ತುಸು ತಡೆಯಿತು. ಟಿಕ್ ಹಾಕಿದರು.

ಮರುವರ್ಷ ಒಬ್ಬ ವಕೀಲ ಮಗಳೊಡನೆ ಬಂದ. "ಸಾಹುಕಾರರ ಮಗನಿಗೆ ಹಾಕಿಕೊಟ್ಟಿರಿ. ನನ್ನ ಮಗಳೇನು ಪಾಪ ಮಾಡಿದಾಳೆ?" ಮೇಷ್ಟ್ರು ಅವಳಿಗೂ ಟಿಕ್ ಹಾಕಿದರು. ಈ ಸಲ ಕೈ ತಡೆಯಲೂ ಇಲ್ಲ. ಬರಬರುತ್ತ ಮಕ್ಕಳು ತಮ್ಮ ಹೊಗಳಿಕೆಯನ್ನು ತಾವೇ ಬರೆದು ತಂದರು, ಮೇಷ್ಟ್ರು ರುಜು ಹಾಕಿದರು. ಗಣಿತದವರು, ರಸಾಯನದವರು, ಇಂಗ್ಲಿಷಿನವರು ಅದೇ ದಾರಿ ಹಿಡಿದರು. ಒಂಬತ್ತು ವರ್ಷದಲ್ಲಿ ಭೌತಶಾಸ್ತ್ರದ ಮೇಷ್ಟ್ರು ಮೂವತ್ತೊಂದು ಮಕ್ಕಳನ್ನು ಒಬ್ಬರಿಗಿಂತ ಒಬ್ಬರು ಮೇಲೆಂದು ಬರೆದುಕೊಟ್ಟಿದ್ದರು.

ಚರಿತ್ರೆಯ ಮೇಡಂ ಒಬ್ಬರು ಮಾತ್ರ ಒಪ್ಪಲಿಲ್ಲ. ಮಕ್ಕಳು ತಂದ ಪತ್ರವನ್ನು ಹಿಂದಕ್ಕೆ ಕೊಟ್ಟು, ತಾವೇ ನಾಲ್ಕು ಸಾಲು ಬರೆದು, ಯಾರದು ಯಾವ ಚೌಕವೋ ಅಲ್ಲಿಗೇ ಟಿಕ್ ಹಾಕುತ್ತಿದ್ದರು. "ಆ ಮೇಡಂ ಹತ್ತಿರ ಹೋಗಬೇಡ, ನಿನ್ನ ತಲೆ ಮೇಲೆ ಚಪ್ಪಡಿ ಎಳೀತಾರೆ" ಎಂದು ತಂದೆತಾಯಿಯರು ಮಕ್ಕಳಿಗೆ ಹೇಳಿಕೊಟ್ಟರು. ಅವರ ಹತ್ತಿರ ಹೋಗುವುದನ್ನು ಎಲ್ಲರೂ ಬಿಟ್ಟರು.

"ಏನು ಮೇಡಂ, ಆ ಕೊನೆಯ ಚೌಕ ಯಾರಿಗೆ ಕಾದಿರಿಸಿದೀರಿ?" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು.

"ಅಂಥವರು ಬಂದರೆ ಅವರಿಗೆ."

ಹತ್ತನೆಯ ವರ್ಷ ಮೇಷ್ಟ್ರ ತರಗತಿಗೆ ಒಬ್ಬ ದರ್ಜಿಯ ಮಗಳು ಬಂದಳು. ಲ್ಯಾಬಿನಲ್ಲಿ ಎಲ್ಲರೂ ಪುಸ್ತಕದ ಉತ್ತರ ನೋಡಿಕೊಂಡು ಅದಕ್ಕೆ ಸರಿಯಾಗಿ ಅಳತೆ ಬರೆಯುತ್ತಿದ್ದರು. ಅವಳು ತನ್ನ ಲೋಲಕ ಕೊಟ್ಟ ತಪ್ಪು ಉತ್ತರವನ್ನೇ ಬರೆದಳು. ಮೂರು ದಿನ ಅಲ್ಲೇ ಕೂತು, ಲೋಲಕ ತೂಗುಹಾಕಿದ ಸ್ಟ್ಯಾಂಡೇ ಅಲುಗುತ್ತಿದೆ ಎಂದು ತೋರಿಸಿದಳು. ಅಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಷ್ಟ್ರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳೂ ಅರ್ಜಿ ಹಾಕಿದಳು. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕಿದರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಹೊರದೇಶದವರಿಗೆ ಅಂಥ ಸೀಟು ಬೆರಳೆಣಿಕೆಯಷ್ಟು.

ಮೇಷ್ಟ್ರು ಈ ಪತ್ರವನ್ನು ತಾವೇ ಬರೆಯಲು ಕೂತರು. 'ಇಂಥ ಬುದ್ಧಿಯನ್ನು ನಾನು ಬೇರೆಲ್ಲೂ ಕಂಡಿಲ್ಲ' ಎಂದು ಬರೆದರು. ಇದೇ ಮಾತನ್ನು ವರ್ತಕನ ಮಗನ ಪತ್ರದಲ್ಲಿ ಬರೆದದ್ದು ನೆನಪಾಯಿತು. ಅಳಿಸಿ ಬೇರೆ ಬರೆದರು. ಅದು ವಕೀಲನ ಮಗಳ ಪತ್ರದಲ್ಲಿತ್ತು. ಆ ಕಡೆ ಕೂತು ಓದುವವರು ವರ್ಷವರ್ಷವೂ ಇವರ ಹೆಸರು ನೋಡಿದವರು. ಮೂವತ್ತೊಂದು ಸಲ ಮೋಸಹೋದವರು ಮೂವತ್ತೆರಡನೆಯದನ್ನು ಏಕೆ ನಂಬಬೇಕು? ಮೇಷ್ಟ್ರು ಪೆನ್ನು ಮುಚ್ಚಿದರು. ಹುಡುಗಿಯನ್ನು ಕರೆದುಕೊಂಡು ಚರಿತ್ರೆಯ ಮೇಡಂ ಬಳಿ ಹೋದರು.

"ಮೇಡಂ, ನನ್ನ ಮಾತು ಅಲ್ಲಿ ನಡೆಯುವುದಿಲ್ಲ. ನಿಮ್ಮದು ನಡೆಯುತ್ತದೆ. ಕೊನೆಯ ಚೌಕಕ್ಕೆ ಟಿಕ್ ಹಾಕಿಕೊಡಿ. ಇವಳು ಅದಕ್ಕೆ ತಕ್ಕವಳು. ಆಣೆ ಮಾಡಿ ಹೇಳುತ್ತೇನೆ."

"ತಕ್ಕವಳೇ ಇರಬಹುದು, ಸಾರ್. ಅದನ್ನು ಕಂಡವರು ನೀವು. ನಾನು ಕಂಡದ್ದು ಚರಿತ್ರೆಯ ತರಗತಿಯಲ್ಲಿ. ಅಲ್ಲಿ ಇವಳು ಉತ್ತಮ, ಅಷ್ಟೇ."

"ಮಗುವಿನ ಬಾಳಿನ ಪ್ರಶ್ನೆ, ಮೇಡಂ."

ಮೇಡಂ ಹುಡುಗಿಯ ಮುಖ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಮೇಡಂ ನಮೂನೆಯನ್ನು ಎಳೆದುಕೊಂಡು ಮೂರನೆಯ ಚೌಕಕ್ಕೆ ಟಿಕ್ ಹಾಕಿದರು. ನಾಲ್ಕು ಸಾಲು ಬರೆದು, ರುಜು ಹಾಕಿ, ಲಕೋಟೆ ಅಂಟಿಸಿ ಕೊಟ್ಟರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಇದು ಅನ್ಯಾಯ, ಗುರುಗಳೇ! ಆ ಹುಡುಗಿಗೆ ಸಲ್ಲಬೇಕಾದದ್ದನ್ನು ಆ ಮೇಡಂ ತಪ್ಪಿಸಿದರು."

ಗುರುಗಳು ಹೇಳಿದರು: "ವರ್ತಕನ ಮಗನಿಗೆ ಟಿಕ್ ಹಾಕಿದ್ದನ್ನು ಹೇಳಿದಾಗ ನೀನು ಅನ್ಯಾಯ ಎನ್ನಲಿಲ್ಲ."