ಅಲಸಂದೆ ಬಳ್ಳಿ ಮತ್ತು ಬೇರುಗಂಟಿನ ಸಿದ್ದಕ್ಕ

ಮಕ್ಕಳೇ, ಕೆರೆಯ ದಂಡೆಗೆ ಹೋದಾಗ ನೀವು ನೀರು ನೋಡುತ್ತೀರಿ, ಹಕ್ಕಿ ನೋಡುತ್ತೀರಿ. ಕಾಲಡಿಯ ಮಣ್ಣಿನಲ್ಲಿ ಯಾರು ಸಂಸಾರ ಮಾಡಿಕೊಂಡಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಈ ಕತೆ ಅಂಥವರದು.

ಕುರುಚಲು ಕಾಡಿನ ಅಂಚಿನಲ್ಲಿ ಒಂದು ಕೆರೆ. ಕೆರೆಯ ಪಕ್ಕದಲ್ಲಿ ದೊಡ್ಡದೊಂದು ಕರಿಜಾಲಿ ಮರ. ಅದರ ನೆರಳು ಮುಗಿಯುವಲ್ಲಿ, ಕಲ್ಲು ಬೆರೆತ ಬಡ ಮಣ್ಣಿನಲ್ಲಿ, ಒಂದು ಕಾಡು ಅಲಸಂದೆ ಬಳ್ಳಿ ಹುಟ್ಟಿಕೊಂಡಿತ್ತು. ಅವಳ ಹೆಸರು ಚೆಲುವಿ.

ಚೆಲುವಿ ಎರಡೆಲೆಯ ಸಸಿಯಾಗಿದ್ದಾಗಲೇ ಹಳದಿಗೆ ತಿರುಗಿ ಸಾಯುವ ಹಾಗಾಗಿದ್ದಳು. ಆಗ ಬೇರಿನಿಂದ ಒಂದು ಸಣ್ಣ ವಾಸನೆಯನ್ನು ಮಣ್ಣಿಗೆ ಬಿಟ್ಟಳು. ಗಿಡಗಳು ಸಹಾಯಕ್ಕೆ ಕೂಗುವುದು ಹಾಗೆಯೇ. ಆ ಕೂಗಿಗೆ ಓಗೊಟ್ಟು ಬಂದವಳು ಸಿದ್ದಕ್ಕ.

ಸಿದ್ದಕ್ಕ ಒಬ್ಬ ಅಣುಜೀವಿ. ಬ್ಯಾಕ್ಟೀರಿಯಾ ಎಂದು ಶಾಲೆಯಲ್ಲಿ ಓದಿದ್ದೀರಲ್ಲ, ಅದೇ. ರೋಗ ತರುವ ಬಗೆಯಲ್ಲ, ದುಡಿಯುವ ಬಗೆ. ತಂಗಿ ಕೆಂಚಿಯನ್ನೂ ಬಳಗವನ್ನೂ ಕರೆದುಕೊಂಡು ಬಂದು, ಚೆಲುವಿಯ ಬೇರಿನಲ್ಲಿ ಪುಟ್ಟ ಪುಟ್ಟ ಗಂಟುಗಳನ್ನು ಕಟ್ಟಿ, ಒಳಗೆ ಮನೆ ಮಾಡಿದಳು.

ಗಾಳಿಯಲ್ಲಿ ಸಾರಜನಕ ಬೇಕಾದಷ್ಟಿದೆ. ಆದರೆ ಗಿಡಕ್ಕೆ ಅದನ್ನು ಹಾಗೇ ತಿನ್ನಲು ಬರುವುದಿಲ್ಲ. ಸಿದ್ದಕ್ಕನ ಬಳಗ ಅದನ್ನು ಹಿಡಿದು, ಮುರಿದು, ಚೆಲುವಿ ಉಣ್ಣುವಂತೆ ಹದ ಮಾಡಿ ಕೊಡುತ್ತಿತ್ತು. ಮೈ ಮುರಿಯುವ ಕೆಲಸ. ಬದಲಿಗೆ ಚೆಲುವಿ ಬಿಸಿಲಿನಲ್ಲಿ ಎಲೆ ಹರಡಿ ಮಾಡಿದ ಸಿಹಿರಸವನ್ನು ಬೇರಿಗೆ ಇಳಿಸುತ್ತಿದ್ದಳು. ಅವಳು ಹಸಿರಾದಳು. ಗಂಟುಗಳು ಒಳಗೆ ಗುಲಾಬಿ ಬಣ್ಣ ತಾಳಿದವು.

ಪಕ್ಕದ ಬಿಲದ ಎರೆಹುಳು ಮಾದಣ್ಣ ಹೋಗುತ್ತಾ ಬರುತ್ತಾ ಕೇಳುತ್ತಿದ್ದ, "ಏನು ಸಿದ್ದಕ್ಕ, ಊಟ ಆಯ್ತಾ?"

"ಬಳ್ಳಿಯದು ಆಯ್ತು ಮಾದಣ್ಣ. ಇನ್ನು ನಮ್ಮದು," ಎನ್ನುತ್ತಿದ್ದಳು ಸಿದ್ದಕ್ಕ.

ಹೀಗಿರುವಾಗ ಒಂದು ಬೆಳಿಗ್ಗೆ ಬೆಳ್ಳಕ್ಕಿಗಳ ದೊಡ್ಡ ಹಿಂಡು ಬಂದಿಳಿಯಿತು. ಕೆರೆಯಲ್ಲಿ ಮೀನಿತ್ತು. ಹಕ್ಕಿಗಳು ಜಾಲಿಮರದ ತುಂಬ ಗೂಡು ಕಟ್ಟಿದವು, ಮೊಟ್ಟೆಯಿಟ್ಟವು, ಮರಿ ಮಾಡಿದವು. ದಿನವಿಡೀ ಮೇಲಿನಿಂದ ಹಿಕ್ಕೆ ಬೀಳತೊಡಗಿತು. ಕಲ್ಲು ಬೆಳ್ಳಗಾಯಿತು, ನೆಲ ಬೆಳ್ಳಗಾಯಿತು. ಸಣ್ಣ ಸೋನೆ ಬಂದಾಗ ಅದೆಲ್ಲ ಕರಗಿ ಮಣ್ಣಿಗಿಳಿಯಿತು.

ಹಕ್ಕಿಯ ಹಿಕ್ಕೆ ಎಂದರೆ ಗಿಡಕ್ಕೆ ಹಬ್ಬದಡಿಗೆ. ಹಿಡಿಯಬೇಕಿಲ್ಲ, ಮುರಿಯಬೇಕಿಲ್ಲ, ಬೇರು ಚಾಚಿದರೆ ಸಾರಜನಕ ಸಿಕ್ಕಿತು. ಎಂಟೇ ದಿನದಲ್ಲಿ ಚೆಲುವಿಯ ಎಲೆಗಳು ಅಂಗೈಯಗಲ ಆದವು. ಬಳ್ಳಿ ಪೊದೆಯನ್ನೇರಿ ಆಚೆಗೆ ಇಳಿಯಿತು.

ಒಂಬತ್ತನೆಯ ದಿನ ಗಂಟಿಗೆ ಬರುವ ಸಿಹಿರಸ ಅರ್ಧಕ್ಕಿಳಿಯಿತು. ಹತ್ತನೆಯ ದಿನ ಇನ್ನೂ ಕಡಿಮೆ.

"ಚೆಲುವಿ, ರಸ ಯಾಕೋ ಬರುತ್ತಿಲ್ಲ. ಎಲ್ಲಿಯಾದರೂ ಕಟ್ಟಿಕೊಂಡಿದೆಯೇನಮ್ಮ?" ಎಂದು ಸಿದ್ದಕ್ಕ ಕೇಳಿದಳು.

"ಕಟ್ಟಿಕೊಂಡಿಲ್ಲ. ನಾನೇ ಕಟ್ಟಿದ್ದೇನೆ," ಎಂದಳು ಚೆಲುವಿ. "ನೀನು ತುತ್ತು ತುತ್ತು ಕೊಡುತ್ತಿದ್ದದ್ದು ಈಗ ಮೇಲಿನಿಂದ ಸುರಿಯುತ್ತಿದೆ. ಮತ್ತೆ ನಿಮಗ್ಯಾಕೆ ರಸ? ನಾನು ಇನ್ನೂ ಎಲೆ ಬಿಡಬೇಕು."

ಸಿದ್ದಕ್ಕ ಮೆಲ್ಲಗೆ ಹೇಳಿದಳು, "ಎಲ್ಲ ಗಂಟುಗಳಿಗೂ ಬೇಡ. ಒಂದೇ ಒಂದು ಗಂಟಿಗಾಗುವಷ್ಟು ಕೊಡು. ಕೆಲಸ ಕೈತಪ್ಪದ ಹಾಗೆ ನೋಡಿಕೊಳ್ಳುತ್ತೇನೆ. ಹಕ್ಕಿಗಳು ಎಷ್ಟು ದಿನ ಇರುತ್ತವೋ ಯಾರು ಕಂಡರು?"

"ಅವು ನನಗಾಗಿಯೇ ಬಂದಿವೆ. ನಿನಗೆ ಹೊಟ್ಟೆಕಿಚ್ಚು, ಅಷ್ಟೇ!"

ಅಂದೇ ಚೆಲುವಿ ರಸವನ್ನು ಪೂರ್ತಿ ನಿಲ್ಲಿಸಿದಳು.

ಗಂಟುಗಳು ಒಳಗಿನಿಂದ ಕೆಡತೊಡಗಿದವು. ಗುಲಾಬಿ ಬಣ್ಣ ಹೋಗಿ ಕೊಳೆತ ಹಸಿರು ಬಂತು. ಗೋಡೆ ಮೆತ್ತಗಾಗಿ ಕುಸಿಯಿತು. ಒಳಗಿದ್ದ ಅರ್ಧಕ್ಕರ್ಧ ಬಳಗ ಅಲ್ಲೇ ಸತ್ತಿತು. ಉಳಿದವರು ಮಣ್ಣಿಗೆ ಬಂದು ಬಿದ್ದರು.

ಹೊರಗೆ ಬಂದ ಕೆಂಚಿ ಸುತ್ತ ನೋಡಿದಳು. "ಅಕ್ಕಾ, ಇಲ್ಲೂ ಹಿಕ್ಕೆಯ ಸಾರ ಹರಿದಾಡುತ್ತಿದೆ. ಕೂತಲ್ಲೇ ಊಟ! ನಾವು ಇಷ್ಟು ದಿನ ಯಾಕೆ ಬೆನ್ನು ಮುರಿದುಕೊಂಡೆವೋ."

"ತಿನ್ನು, ಬೇಡ ಅನ್ನುವುದಿಲ್ಲ," ಎಂದಳು ಸಿದ್ದಕ್ಕ. "ಆದರೆ ದಿನಕ್ಕೊಂದು ಸಲವಾದರೂ ಗಾಳಿ ಹಿಡಿಯುವ ಕೆಲಸ ಮಾಡು. ನಿನ್ನ ಮಕ್ಕಳಿಗೂ ಕಲಿಸು."

"ಯಾರಿಗೆ ಬೇಕಾಗಿದೆ ಆ ಕೆಲಸ? ಬಳ್ಳಿಯೇ ನಮ್ಮನ್ನು ಹೊರಗೆ ಹಾಕಿತಲ್ಲ!"

ಕೆಂಚಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಿದ್ದಕ್ಕ ತನ್ನ ಜೊತೆ ಬರುತ್ತೇನೆಂದ ನಾಲ್ವರನ್ನು ಕರೆದುಕೊಂಡು, ಹಿಕ್ಕೆ ಬೀಳದ ಒಂದು ಕಲ್ಲಿನಡಿಗೆ ಹೋಗಿ, ಮೈ ಕುಗ್ಗಿಸಿಕೊಂಡು ಮಲಗಿಬಿಟ್ಟಳು.

ಅಣುಜೀವಿಗಳಲ್ಲಿ ಒಂದು ದಿನಕ್ಕೆ ಎಷ್ಟೋ ತಲೆಮಾರು ಕಳೆಯುತ್ತದೆ. ಕೆಂಚಿಗೆ ಮಕ್ಕಳಾದವು, ಮಕ್ಕಳಿಗೆ ಮಕ್ಕಳಾದವು, ಲೆಕ್ಕವಿಲ್ಲದಷ್ಟು. ಎಲ್ಲರೂ ತಿಂದರು, ಕೊಬ್ಬಿದರು. ಸಾರಜನಕ ಹಿಡಿಯುವುದು ಎಂದರೆ ಏನು ಎಂದು ಕೇಳಿದರೆ ಅವರು ನಗುತ್ತಿದ್ದರು.

ಮೇಲೆ ಚೆಲುವಿಯೂ ಕೊಬ್ಬಿದ್ದಳು. ಎಲೆಯ ಮೇಲೆ ಎಲೆ. ಒಂದು ದಿನ ಮಾದಣ್ಣ ತಲೆ ಹೊರಗೆ ಹಾಕಿ ನೋಡಿ ಕೇಳಿದ, "ಚೆಲುವಿ, ಪಕ್ಕದ ಬಯಲಿನ ಬಡಕಲು ಬಳ್ಳಿಗಳೆಲ್ಲ ಆಗಲೇ ಕಾಯಿ ಬಿಟ್ಟಿವೆ. ನಿನ್ನಲ್ಲಿ ಒಂದು ಹೂವೂ ಇಲ್ಲವಲ್ಲ?"

"ಹೂವಿಗೇನು ಅವಸರ ಮಾದಣ್ಣ? ನನ್ನಷ್ಟು ಎಲೆ ಅವುಗಳಿಗೆ ಇದೆಯಾ?"

ಮಾದಣ್ಣ ತಲೆ ಒಳಗೆಳೆದುಕೊಂಡ.

ಅಷ್ಟರಲ್ಲಿ ಕೆರೆಯ ಮೀನು ಮುಗಿಯಿತು. ಬೆಳ್ಳಕ್ಕಿ ಮರಿಗಳ ರೆಕ್ಕೆ ಬಲಿಯಿತು. ಒಂದು ಬೆಳಿಗ್ಗೆ ಇಡೀ ಹಿಂಡು ಹೊರಟು ನಿಂತಿತು.

ಚೆಲುವಿ ಗಾಬರಿಯಿಂದ ಕೂಗಿದಳು, "ಎಲ್ಲಿಗೆ ಹೊರಟಿರಿ? ನನ್ನ ಗತಿ ಏನು?"

ಹಿರಿಯ ಬೆಳ್ಳಕ್ಕಿ ಕತ್ತು ಬಗ್ಗಿಸಿ ಕೆಳಗೆ ನೋಡಿತು. "ನೀನು ಯಾರಮ್ಮ?"

"ಅಲಸಂದೆ ಬಳ್ಳಿ! ಇಷ್ಟು ದಿನ ನೀವು ಉಣ್ಣಿಸಿದಿರಲ್ಲ, ಚೆಲುವಿ!"

"ನಾವು ಯಾರಿಗೂ ಉಣ್ಣಿಸಿಲ್ಲ ತಾಯಿ. ತಿಂದೆವು, ಹಿಕ್ಕೆ ಹಾಕಿದೆವು. ಅದು ಯಾರ ಮೇಲೆ ಬಿತ್ತು ಎಂದು ನಾವು ಬಗ್ಗಿ ನೋಡಿದವರಲ್ಲ," ಎಂದು ಹೇಳಿ ಅದು ಹಾರಿಹೋಯಿತು.

ಮೂರು ದಿನಕ್ಕೆ ಜಡಿಮಳೆ ಹಿಡಿಯಿತು. ಮಣ್ಣಿನಲ್ಲಿದ್ದ ಸಾರವೆಲ್ಲ ತೊಳೆದು ಕೆರೆಗೆ ಹೋಯಿತು. ಮಳೆ ನಿಂತಾಗ ಉಳಿದದ್ದು ಮೊದಲಿನ ಕಲ್ಲು ಮಣ್ಣು. ಆದರೆ ಚೆಲುವಿ ಮೊದಲಿನ ಎರಡೆಲೆಯ ಸಸಿಯಾಗಿರಲಿಲ್ಲ. ಅವಳಿಗೀಗ ನೂರಾರು ಎಲೆ, ನೂರಾರು ಬಾಯಿ. ಬುಡದ ಎಲೆ ಹಳದಿಯಾಯಿತು, ಅದರ ಮೇಲಿನದು ಹಳದಿಯಾಯಿತು. ಆಗ ಅವಳಿಗೆ ಸಿದ್ದಕ್ಕನ ನೆನಪಾಯಿತು. ಬೇರಿನಿಂದ ವಾಸನೆ ಬಿಟ್ಟು ಕೂಗಿದಳು. ಯಾರೂ ಬರಲಿಲ್ಲ.

"ಮಾದಣ್ಣ, ನೀನು ಮಣ್ಣಿನಲ್ಲಿ ತಿರುಗಾಡುವವನು. ಹುಡುಕಿ ಕರೆದುಕೊಂಡು ಬಾ. ನಿನ್ನ ಕಾಲಿಗೆ ಬೀಳುತ್ತೇನೆ," ಎಂದು ಅತ್ತಳು.

ಮಾದಣ್ಣನಿಗೆ ಕಾಲಿರಲಿಲ್ಲ. ಆದರೂ ಹೊರಟ.

ಮೊದಲು ಸಿಕ್ಕವಳು ಕೆಂಚಿ. ಅವಳ ಸುತ್ತ ಮಕ್ಕಳು ಮೊಮ್ಮಕ್ಕಳು ಹಸಿವಿನಿಂದ ಸತ್ತು ರಾಶಿ ಬಿದ್ದಿದ್ದರು. "ಬಳ್ಳಿ ಕರೆಯುತ್ತಿದ್ದಾಳೆ. ಸಾರಜನಕ ಹಿಡಿಯಬೇಕಂತೆ," ಎಂದ ಮಾದಣ್ಣ.

"ಹಿಡಿಯುವುದು ಗೊತ್ತಿದ್ದರೆ ಇವರನ್ನು ಸಾಯಲು ಬಿಡುತ್ತಿದ್ದೆನಾ ಮಾದಣ್ಣ?" ಕೆಂಚಿಯ ದನಿ ಕೇಳುವುದೇ ಕಷ್ಟವಾಗಿತ್ತು. "ಎಷ್ಟು ನೆನಪಿಸಿಕೊಂಡರೂ ಬರುತ್ತಿಲ್ಲ. ಅಕ್ಕನನ್ನು ಕೇಳು." ಅದೇ ಅವಳ ಕೊನೆಯ ಮಾತು.

ಕಲ್ಲಿನಡಿಯಲ್ಲಿ ಸಿದ್ದಕ್ಕ ಸಿಕ್ಕಳು. ಒಣಗಿ ಧೂಳಿನ ಕಣದಂತಾಗಿದ್ದಳು. ಮಾದಣ್ಣನ ಮೈಯ ತೇವ ತಗುಲಿದ ಮೇಲೆ ನಿಧಾನವಾಗಿ ಎಚ್ಚರವಾದಳು. ಮಾದಣ್ಣ ತಂಗಿಯ ಸುದ್ದಿಯನ್ನೂ ಚೆಲುವಿಯ ಕರೆಯನ್ನೂ ತಿಳಿಸಿದ.

"ನಿನ್ನನ್ನು ಹೊರಗೆ ಹಾಕಿದವಳು ಅವಳು. ಹೋಗಲೇಬೇಕು ಅಂತ ನಾನು ಹೇಳುವುದಿಲ್ಲ," ಎಂದ ಮಾದಣ್ಣ.

"ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ," ಎಂದಳು ಸಿದ್ದಕ್ಕ. "ಆದರೆ ನನಗೆ ಬರುವ ಕೆಲಸ ಇದೊಂದೇ. ನಡಿ."

ಮಾದಣ್ಣನ ಮೈಗಂಟಿಕೊಂಡು ಅವಳೂ ಆ ನಾಲ್ವರೂ ಚೆಲುವಿಯ ಬೇರಿಗೆ ಬಂದರು.

"ಬಂದೆಯಾ ಅಕ್ಕಾ! ಬೇಗ ಊಟ ಕೊಡು," ಎಂದಳು ಚೆಲುವಿ.

"ಮೊದಲು ಗಂಟು ಕಟ್ಟಬೇಕು. ಇಪ್ಪತ್ತು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ನೀನು ನಮಗೆ ರಸ ಕೊಡಬೇಕು. ಎಷ್ಟಿದೆ?"

ಚೆಲುವಿ ತನ್ನ ಮೈ ನೋಡಿಕೊಂಡಳು. ಹಸಿರು ಉಳಿದಿದ್ದದ್ದು ತುದಿಯ ಐದು ಎಲೆಗಳಲ್ಲಿ ಮಾತ್ರ.

"ಇರುವುದೆಲ್ಲ ನಿನಗೇ ಅಕ್ಕಾ. ಹನಿಯೂ ಇಟ್ಟುಕೊಳ್ಳುವುದಿಲ್ಲ."

ಈ ಸಲ ಅವಳು ಮಾತಿಗೆ ತಪ್ಪಲಿಲ್ಲ. ಹನಿ ಹನಿಯಾಗಿ ಎಲ್ಲವನ್ನೂ ಇಳಿಸಿದಳು. ಸಿದ್ದಕ್ಕ ಬೇರಿನೊಳಗೆ ನುಗ್ಗಿ ಗೋಡೆ ಎತ್ತತೊಡಗಿದಳು. ಆರನೆಯ ದಿನ ಒಂದು ಎಲೆ ಉದುರಿತು. ಹತ್ತನೆಯ ದಿನ ಇನ್ನೆರಡು. ಸಿದ್ದಕ್ಕನ ಜೊತೆಗಿದ್ದ ನಾಲ್ವರಲ್ಲಿ ಇಬ್ಬರು ಹಸಿವು ತಾಳದೆ ಸತ್ತರು.

"ಇನ್ನೂ ಎಷ್ಟು ದಿನ ಅಕ್ಕಾ?"

"ಇನ್ನು ಸ್ವಲ್ಪ. ಮಾತಾಡಬೇಡ, ಶಕ್ತಿ ಉಳಿಸಿಕೋ."

ಹದಿನೇಳನೆಯ ದಿನ ಗಂಟಿನ ಒಳಗೋಡೆಯಲ್ಲಿ ತೆಳುವಾಗಿ ಗುಲಾಬಿ ಮೂಡಿತು. ಸಿದ್ದಕ್ಕ ಉತ್ಸಾಹದಿಂದ ಕೂಗಿದಳು, "ಚೆಲುವಿ, ಬಣ್ಣ ಬಂತು! ಇನ್ನು ಮೂರೇ ದಿನ!"

ಮೇಲಿನಿಂದ ಉತ್ತರ ಬರಲಿಲ್ಲ. ರಸವೂ ಬರಲಿಲ್ಲ. ಆ ಬೆಳಿಗ್ಗೆ ಬಿಸಿಲೇರುವ ಮೊದಲೇ ಉಳಿದಿದ್ದ ಎರಡು ಎಲೆಗಳೂ ಉದುರಿದ್ದವು. ಹೂ ಬಿಡದ, ಕಾಯಿ ಕಟ್ಟದ, ಒಂದು ಬೀಜವನ್ನೂ ಭೂಮಿಗೆ ಬಿಡದ ಬಳ್ಳಿ ಪೊದೆಯ ಮೇಲೆ ಹಗ್ಗದಂತೆ ಒಣಗಿ ಬಿದ್ದಿತ್ತು.

ಸಿದ್ದಕ್ಕ ಎರಡು ದಿನ ಕಾದಳು. ಈ ಸಲ ಹೊರಗೆ ಹೋಗಲು ಅವಳಲ್ಲಿ ತ್ರಾಣವಿರಲಿಲ್ಲ. ಉಳಿದಿದ್ದ ಇಬ್ಬರ ಜೊತೆ ಗಂಟಿನೊಳಗೇ ಪ್ರಾಣ ಬಿಟ್ಟಳು. ಅವರ ಜೊತೆ ಆ ಕೆಲಸವೂ ಬಳ್ಳಿಯ ಬುಡದ ಮಣ್ಣಿನಲ್ಲಿ ಮುಗಿಯಿತು.

ಮಾದಣ್ಣ ಉದುರಿದ ಎಲೆಗಳ ಹತ್ತಿರ ಬಂದು ಬಿದ್ದುಕೊಂಡ. ಎರೆಹುಳುವಿನ ಆಹಾರವೇ ಉದುರಿದ ಎಲೆ. ಸಂಜೆಯ ಹೊತ್ತಿಗೆ ಅವನಿಗೂ ಹಸಿವಾಯಿತು. ಅಳುತ್ತಲೇ ಮೊದಲ ಎಲೆಯನ್ನು ಬಿಲದೊಳಗೆ ಎಳೆದುಕೊಂಡ.

ನೀತಿ: ಪುಕ್ಕಟೆ ಸಿಕ್ಕಿತೆಂದು ದುಡಿಯುವವರನ್ನೂ ದುಡಿಮೆಯನ್ನೂ ಕೈಬಿಟ್ಟವರಿಗೆ, ಆ ಪುಕ್ಕಟೆ ನಿಂತ ದಿನ ಎಷ್ಟು ಕರೆದರೂ ಎರಡೂ ಹೊತ್ತಿಗೆ ಒದಗುವುದಿಲ್ಲ.